ಒಂದೇ ಬಟನ್ನಿನ ಆಟ ಎರಡೂವರೆ ನಿಮಿಷಕ್ಕೇ ಯಾಕೆ ಸಾಕಾಗುತ್ತೆ?

ಕೆರೆದಂಡೆ:
ಗೊಡೋ 4 ಅನ್ನೋ ಆಟ ಕಟ್ಟೋ ತಂತ್ರಾಂಶದಲ್ಲಿ ಮಾಡ್ತಿರೋ ಆಟ. ಕಪ್ಪೆ ತಾವರೆ ಎಲೆಗಳ ಮೇಲೆ ತಾನಾಗಿ ಓಡುತ್ತೆ, ಸೆಕೆಂಡಿಗೆ 200 ಪಿಕ್ಸೆಲ್. ಬಟನ್ ಒತ್ತಿದರೆ ಹಾರುತ್ತೆ, ಅಷ್ಟೇ. ಎಲೆ 96 ಪಿಕ್ಸೆಲ್ ಅಗಲ, ನಡುವಿನ ನೀರು 80. ಹಾರಿದರೆ 0.6 ಸೆಕೆಂಡ್ ಗಾಳಿಯಲ್ಲಿ, ಅಂದರೆ 120 ಪಿಕ್ಸೆಲ್ ದೂರ. ಪ್ರತಿ 30 ಸೆಕೆಂಡಿಗೆ ವೇಗ 20 ಏರುತ್ತೆ. ಆಡಿದವರೆಲ್ಲ ಎರಡೂವರೆ ನಿಮಿಷದ ಹೊತ್ತಿಗೆ "ಇದು ಮೋಸ" ಅಂತ ಕೆಳಗಿಡ್ತಾರೆ, ಮತ್ತೆ ಮುಟ್ಟಲ್ಲ. ಬಾವಿಯೊಳಗೆ ಬೀಳ್ತಾ ಆಡೋ ಡೌನ್‌ವೆಲ್ ಆಟದಲ್ಲೂ ಎಡ, ಬಲ ಬಿಟ್ಟರೆ ಇರೋದು ಒಂದೇ ಬಟನ್. ಅದನ್ನ ಗಂಟೆಗಟ್ಟಲೆ ಆಡ್ತಾರಲ್ಲ? ಕಪ್ಪೆಗೆ ಹೊಸ ಬಣ್ಣ, ಟೋಪಿ, ಇನ್ನಷ್ಟು ಹಂತ ಸೇರಿಸಿದರೆ ಸರಿಹೋಗುತ್ತಾ?

ಮೂರುಬಟನ್:
ಟೋಪಿಯಿಂದ ಆಗಲ್ಲ. ನಿಮ್ಮ ಬಟನ್ನಿಗೆ ಒಂದೇ ಉತ್ತರ ಇದೆ: ಅಂಚು ಬಂತು, ಒತ್ತು. ಆಟಗಾರ ಯೋಚಿಸೋಕೆ ಏನೂ ಉಳಿದಿಲ್ಲ. ತಪ್ಪದಂತೆ ಒತ್ತುತ್ತಾ ಇರಬೇಕು, ಅಷ್ಟೇ.

ಒಜಿರೊ ಫುಮೊಟೊ 2015ರಲ್ಲಿ ತಂದ ಡೌನ್‌ವೆಲ್ ನೋಡಿ. ನೆಲದ ಮೇಲೆ ಬಟನ್ ಅಂದರೆ ಹಾರು. ಗಾಳಿಯಲ್ಲಿ ಅದೇ ಬಟನ್ ಬೂಟಿನಿಂದ ಗುಂಡು ಹಾರಿಸುತ್ತೆ, ಆ ಒದೆತಕ್ಕೆ ಬೀಳೋ ವೇಗವೂ ತಗ್ಗುತ್ತೆ. ಹಾಗಾಗಿ ಅದು ಆಯುಧವೂ ಹೌದು, ಬ್ರೇಕೂ ಹೌದು. ಗುಂಡು ಮುಗಿದರೆ ತುಂಬೋದು ಮುಖ್ಯವಾಗಿ ಎರಡು ದಾರೀಲಿ: ನೆಲಕ್ಕೆ ಇಳೀಬೇಕು, ಇಲ್ಲಾ ಶತ್ರುವಿನ ತಲೆ ಮೆಟ್ಟಬೇಕು. ನೆಲ ಕ್ಷೇಮ, ಆದರೆ ನೆಲ ಮುಟ್ಟಿದ ಕೂಡಲೇ ಕಾಂಬೋ (ನೆಲ ಮುಟ್ಟದೆ ಸಾಲಾಗಿ ಶತ್ರುಗಳನ್ನ ಹೊಡೆಯೋ ಸರಣಿ) ಮುಗೀತು. ಕಾಂಬೋ ಉದ್ದ ಆದಷ್ಟೂ ಬಹುಮಾನ ದೊಡ್ಡದು. ಇಷ್ಟರ ನಡುವೆ ಕೆಂಪಗೆ ಹೊಳೆಯೋ ಶತ್ರುಗಳನ್ನ ಮೆಟ್ಟೋ ಹಾಗಿಲ್ಲ, ಅವಕ್ಕೆ ಗುಂಡೇ ಬೇಕು. ಇಳೀಲೋ ಬೇಡವೋ ಅನ್ನೋ ಲೆಕ್ಕ ತಲೇಲಿ ಓಡ್ತಾನೇ ಇರುತ್ತೆ.

ನಿಮ್ಮ ಕಪ್ಪೆಗೆ ನಾಲಿಗೆ ಕೊಡಿ. ಗಾಳಿಯಲ್ಲಿ ಒತ್ತಿದರೆ ನಾಲಿಗೆ ಚಾಚಿ ನೊಣ ಹಿಡೀಬೇಕು, ಆ 0.1 ಸೆಕೆಂಡ್ ಮುಂದಿನ ಓಟ ನಿಲ್ಲಬೇಕು. ಬೀಳೋದು ಮಾತ್ರ ನಿಲ್ಲಬಾರದು. ಒಂದು ನೊಣಕ್ಕೆ 20 ಪಿಕ್ಸೆಲ್ ಖರ್ಚು ಅಂತಾಯ್ತು. ಅಂಚಿನಲ್ಲೇ ಹಾರಿದವನಿಗೆ 40 ಪಿಕ್ಸೆಲ್ ಉಳಿತಾಯ ಇರುತ್ತೆ: ಒಂದು ನೊಣ ಆರಾಮ, ಎರಡನೇದಕ್ಕೆ ಕಪ್ಪೆಯ ಕಾಲಿಗೆ ಎಲೆಯ ತುದಿಯಷ್ಟೇ ಸಿಗುತ್ತೆ, ಮೂರಕ್ಕೆ ನೀರು. ಬೇಗ ಹಾರಿದವನಿಗೆ ಒಂದೂ ಕಷ್ಟ. ಅಂಕ 1, 2, 4 ಅಂತ ದುಪ್ಪಟ್ಟಾಗಲಿ, ಆದರೆ ಎಲೆ ಮುಟ್ಟಿದ ಮೇಲಷ್ಟೇ ಜಮೆ. ಈಗ "ಯಾವಾಗ ಹಾರಲಿ" ಅನ್ನೋದೇ ಒಂದು ಪ್ರಶ್ನೆ ಆಯ್ತು.

ಪಿಕ್ಸೆಲ್‌ಪುಟ್ಟ:
ಮೇಲಿನವರು ಹೇಳಿದ್ದು ಸರಿ, ಆದರೆ "ಮೋಸ" ಅಂತ ಕೂಗ್ತಿರೋದು ಬೇರೆ ಕಾರಣಕ್ಕೆ ಗುರು. ನಿಮ್ಮದೇ ಅಂಕಿ ಗುಣಿಸಿ ನೋಡಿ. 150ನೇ ಸೆಕೆಂಡಿಗೆ ವೇಗ 300. ಗಾಳಿಯಲ್ಲಿರೋ ಹೊತ್ತು ಅದೇ 0.6, ಹಾಗಾಗಿ ಹಾರೋ ದೂರ 180. ನೀರು 80, ಎಲೆ 96, ಎರಡೂ ಸೇರಿ 176. ಅಂಚಿನಲ್ಲಿ ಸರಿಯಾಗಿ ಹಾರಿದವನು ಎಲೆಯನ್ನೇ ದಾಟಿ ನೀರಿಗೆ ಬೀಳ್ತಾನೆ! ಅಲ್ಲಿವರೆಗೆ ಕಲಿಸಿದ್ದನ್ನೇ ಆಟ ತಪ್ಪು ಅಂತಿದೆ.

ನೀರನ್ನ ವೇಗ × 0.4, ಎಲೆಯನ್ನ ವೇಗ × 0.48 ಅಂತ ಬರೀರಿ. ಆಗ ಎಷ್ಟೇ ವೇಗ ಆದರೂ ಲಯ ಕೆಡಲ್ಲ. ಆದರೆ ಲಯ ಬದಲಾಗದೇ ಇದ್ದರೆ ಕಷ್ಟವೂ ಹೆಚ್ಚಲ್ಲ, ಬರೀ ಕಣ್ಣಿಗೆ ಜೋರು. ಕಷ್ಟ ಬೇಕಾದಾಗ ಎಲೆಯ 0.48ನ್ನ ಮೆಲ್ಲಗೆ 0.36ಕ್ಕೆ ಇಳಿಸಿ.

ಹಾರಾಟದ ಬಗ್ಗೆ: ಎತ್ತರ 56 ಪಿಕ್ಸೆಲ್, ಏರೋಕೆ 0.35, ಇಳಿಯೋಕೆ 0.25 ಸೆಕೆಂಡ್ ಇಟ್ಟರೆ ನಿಮ್ಮ 0.6 ಹಾಗೇ ಉಳಿಯುತ್ತೆ. ಗುರುತ್ವ = 2 × ಎತ್ತರ ÷ ಸಮಯದ ವರ್ಗ. ಏರುವಾಗ ಸುಮಾರು 914, ಇಳಿಯುವಾಗ 1792. ಶುರುವಿನ ವೇಗ 320. ಎರಡಕ್ಕೂ ಒಂದೇ ಗುರುತ್ವ ಇಟ್ಟರೆ ಬಲೂನಿನ ಹಾಗೆ ತೇಲುತ್ತೆ.

ಅಂಚು ದಾಟಿದ ಮೇಲೂ 0.1 ಸೆಕೆಂಡ್ ಹಾರೋಕೆ ಬಿಡಿ. ಇದನ್ನೇ ಕಯೋಟಿ ಟೈಮ್ ಅನ್ನೋದು. ಬೆಟ್ಟ ಹತ್ತೋ ಆಟ ಸೆಲೆಸ್ಟ್‌ನಲ್ಲೂ ಅಷ್ಟೇ ಇದೆ. ಹಾರಿದ ತಕ್ಷಣ ಆ ಎಣಿಕೆ ಸೊನ್ನೆ ಮಾಡೋಕೆ ಮರೆತರೆ, ಬೇಗ ಎರಡು ಸಲ ಒತ್ತಿದವನು ಗಾಳಿಯಲ್ಲೇ ಮತ್ತೆ ಹಾರ್ತಾನೆ.

ಕೆರೆದಂಡೆ:
176ರ ಲೆಕ್ಕ ಹೊಳೆದೇ ಇರಲಿಲ್ಲ, ಥ್ಯಾಂಕ್ಸ್. ಇಳಿಯೋಕೆ ಸ್ವಲ್ಪ ಮೊದಲೇ ಒತ್ತಿದ್ದನ್ನ ನೆನಪಿಟ್ಟುಕೊಂಡು, ನೆಲ ಮುಟ್ಟಿದಾಗ ಹಾರಿಸೋ ಬಫರ್ ಕೂಡ ಹಾಕಲಾ?

ಪಿಕ್ಸೆಲ್‌ಪುಟ್ಟ:
ನಾಲಿಗೆ ಹಾಕೋದಾದರೆ ಬೇಡ. ಸೆಲೆಸ್ಟ್‌ನಲ್ಲಿ ಹಾರೋದಕ್ಕೂ ಡ್ಯಾಶ್‌ಗೂ (ಒಮ್ಮೆಲೇ ಜೋರಾಗಿ ನುಗ್ಗೋದು) ಬೇರೆ ಬೇರೆ ಬಟನ್, ಅದಕ್ಕೇ ಅಲ್ಲಿ ಬಫರ್ ಹೊಂದುತ್ತೆ. ನಿಮ್ಮಲ್ಲಿ ಒಂದೇ ಒತ್ತಿಗೆ ನಾಲಿಗೆಯೂ ಚಾಚಿ, ಎಲೆ ಮುಟ್ಟಿದ ಕೂಡಲೇ ಹಾರಿಯೂ ಬಿಡುತ್ತೆ. ಎಲೆಯ ಈಚೆ ತುದಿಯಿಂದ ಹಾರಿದರೆ 120ಕ್ಕೆ ಸಿಗೋದು ನಡುನೀರು. ಕಯೋಟಿ ಹೊತ್ತಿನಲ್ಲಿ ಒತ್ತಿದರೆ ಹಾರೋದಕ್ಕೆ ಮೊದಲ ಮಣೆ, ಆಮೇಲೆ ಒತ್ತಿದ್ದೆಲ್ಲ ನಾಲಿಗೆಗೆ. ಹೀಗೆ ಖಡಕ್ಕಾಗಿ ಬೇರ್ಪಡಿಸಿ.

ಕಡಲತಡಿ:
ಮಾರಾಯ್ರೆ, ಟೋಪಿ ಬೇಡ ಅಂದದ್ದಕ್ಕೆ ನನ್ನದೂ ಒಂದು ಓಟು. ವಿಚಿತ್ರ ಅನ್ನುವುದು ಮೇಲಿಂದ ಬಳಿಯುವ ಬಣ್ಣ ಅಲ್ಲ. ಬೆನೆಟ್ ಫಾಡಿಯ ಕ್ಯೂಡಬ್ಲ್ಯೂಓಪಿ (QWOP) ಅಂತ ಓಟದ ಆಟ ಉಂಟಲ್ಲ, 2008ರದ್ದು, ಅದರಲ್ಲಿ ಎರಡು ಕೀ ತೊಡೆಗೆ, ಎರಡು ಕೀ ಮೀನಖಂಡಕ್ಕೆ. ಓಟಗಾರ ಮುಗ್ಗರಿಸುವುದನ್ನು ಯಾರೂ ಕೂತು ಚಿತ್ರಿಸಿದ್ದಲ್ಲ, ಆ ನಿಯಮವೇ ಬೀಳಿಸುವುದು. ನಗು ಬರುವುದೂ ಅದಕ್ಕೇ. ನಮ್ಮ ಕುಂಟೆಬಿಲ್ಲೆಯೂ ಹಾಗೆಯೇ, ಒಂದೇ ಕಾಲು ಅಂತ ಒಂದು ನಿಯಮ ಇಟ್ಟರೆ ಸಾಕು, ತಮಾಷೆ ತಾನಾಗಿ ಬರ್ತದೆ.

ಇಲ್ಲಿ ನೊಣ ತಿಂದಷ್ಟೂ ಕಪ್ಪೆಯ ಹೊಟ್ಟೆ ಉಬ್ಬಲಿ: 1.0, 1.15, 1.3 ಸಾಕು. ಎಲೆ ಮುಟ್ಟಿದಾಗ ಒಂದು ತೇಗು, ಹೊಟ್ಟೆ ಮೊದಲಿನ ಹಾಗೆ. ಅಂಕ ಜಮೆ ಆಯ್ತು ಅಂತ ಪರದೆಯ ಮೂಲೆಯಲ್ಲಿ ಬರೆಯುವ ಕೆಲಸವೇ ಇಲ್ಲ. ಹಿಗ್ಗಿಸುವಾಗ ಸ್ಪ್ರೈಟ್ ನೋಡ್, ಅಂದರೆ ಕಪ್ಪೆಯ ಚಿತ್ರ ಮಾತ್ರ ಹಿಗ್ಗಿಸಿ. ಚಿತ್ರ, ಡಿಕ್ಕಿಯ ಆಕಾರ ಎರಡನ್ನೂ ಹೊತ್ತ ಇಡೀ ಕ್ಯಾರೆಕ್ಟರ್ ಬಾಡಿ ಹಿಗ್ಗಿಸಿದರೆ ಡಿಕ್ಕಿಯ ಆಕಾರವೂ ಉಬ್ಬಿ, ಎಲೆಯ ಅಂಚಿನ ಲೆಕ್ಕ ಎಲ್ಲ ಅಡಿಮೇಲು.

ಮತ್ತೆ ಸತ್ತ ಮೇಲೆ ಮೆನುವಿಗೆ ಕಳಿಸಬೇಡಿ. ಸೂಪರ್ ಹೆಕ್ಸಾಗನ್ ಆಟದ ಹಾಗೆ ಬಟನ್ ಒತ್ತಿದ ಕೂಡಲೇ ಮರು ಆಟ, ಅರ್ಧ ಸೆಕೆಂಡಿನ ಒಳಗೆ. ಒಂದು ಎಚ್ಚರ: ಮುಳುಗುವಾಗ ಗಾಬರಿಯಲ್ಲಿ ಎಲ್ಲರೂ ಬಟನ್ ಕುಟ್ಟುತ್ತಾರೆ. ಹೊಸ ಆಟದ ಮೊದಲ 0.15 ಸೆಕೆಂಡ್ ಒತ್ತಿದ್ದು ಲೆಕ್ಕಕ್ಕೆ ಬಾರದ ಹಾಗೆ ಮಾಡಿ, ಮೊದಲ ಎಲೆಯನ್ನು ಉಳಿದವುಗಳ ಎರಡು ಪಟ್ಟು ಅಗಲ ಇಡಿ.