ಅಟ್‌ವುಡ್ ಯಂತ್ರದ ರಾಟೆಗೆ ನಾಲ್ಕು ಆಸರೆ ಗಾಲಿಗಳು ಏಕೆ?

ಪ್ರಶ್ನೆ: ಭೌತಶಾಸ್ತ್ರ ಉಪನ್ಯಾಸಕಿ, ಹಾಸನ

ಎಲ್ಲರಿಗೂ ನಮಸ್ಕಾರ. ನಮ್ಮ ಪದವಿ ಕಾಲೇಜಿನ ಪ್ರಯೋಗಾಲಯದಲ್ಲಿ ಮೊದಲ ವರ್ಷದ ವಿದ್ಯಾರ್ಥಿಗಳಿಂದ ಅಟ್‌ವುಡ್ ಯಂತ್ರದ ಪ್ರಯೋಗವನ್ನು ಮಾಡಿಸುತ್ತೇವೆ. ಒಂದು ರಾಟೆ, ಅದರ ಮೇಲೆ ಹಾದುಹೋಗುವ ದಾರ, ದಾರದ ಎರಡು ತುದಿಗಳಲ್ಲಿ ತೂಕಗಳು; ನಮ್ಮ ಉಪಕರಣವೆಂದರೆ ಇಷ್ಟೇ. ಗುರುತ್ವ ವೇಗೋತ್ಕರ್ಷದ ಬೆಲೆ 9.8 ಬರಬೇಕಾದಲ್ಲಿ ಒಂಬತ್ತರ ಆಸುಪಾಸಿನಲ್ಲಿ ಬಂದಾಗ ವಿದ್ಯಾರ್ಥಿಗಳು ಪ್ರಯೋಗವೇ ಕೆಟ್ಟಿತೆಂದು ಬೇಸರಪಡುತ್ತಾರೆ. ಸರಳ ಲೋಲಕದಿಂದ ಇದಕ್ಕಿಂತ ನಿಖರವಾದ ಬೆಲೆ ಸಿಗುವಾಗ ಈ ಯಂತ್ರದ ಅಗತ್ಯವೇನು ಎಂದೂ ಕೇಳುತ್ತಾರೆ.

ಹದಿನೆಂಟನೇ ಶತಮಾನದ ಮೂಲ ಯಂತ್ರದ ಚಿತ್ರಗಳನ್ನು ನೋಡಿದರೆ ಅದು ಬೇರೆಯೇ ವಸ್ತುವಿನಂತೆ ಕಾಣುತ್ತದೆ. ಎತ್ತರದ ಮರದ ಕಂಬ, ನೆತ್ತಿಯ ಮೇಲೆ ಹಿತ್ತಾಳೆಯ ದೊಡ್ಡ ರಾಟೆ, ಆ ರಾಟೆಯ ಅಚ್ಚನ್ನು ಹೊತ್ತುಕೊಂಡಿರುವ ಇನ್ನೂ ನಾಲ್ಕು ಗಾಲಿಗಳು, ಪಕ್ಕದಲ್ಲಿ ಒಂದು ಲೋಲಕ ಗಡಿಯಾರ. ಉಪನ್ಯಾಸದಲ್ಲಿ ತೋರಿಸುವುದಕ್ಕಷ್ಟೇ ಬೇಕಾದ ಉಪಕರಣಕ್ಕೆ ಇಷ್ಟೊಂದು ಕುಸುರಿ ಕೆಲಸ ಏಕೆ ಬೇಕಾಯಿತು? ಅದು ಕೊಳ್ಳುವ ಶ್ರೀಮಂತರಿಗಾಗಿ ಮಾಡಿದ ಅಲಂಕಾರವೇ, ಅಥವಾ ಅದಿಲ್ಲದೆ ಪ್ರಯೋಗವೇ ನಡೆಯುತ್ತಿರಲಿಲ್ಲವೇ? ಬಲ್ಲವರು ತಿಳಿಸಿದರೆ ತರಗತಿಯಲ್ಲಿ ಹೇಳುವುದಕ್ಕೆ ಅನುಕೂಲವಾಗುತ್ತದೆ.

ಉತ್ತರ 1: ನಿವೃತ್ತ ಪ್ರಾಧ್ಯಾಪಕ, ಮೈಸೂರು

ಮೇಡಂ, ನಿಮ್ಮ ವಿದ್ಯಾರ್ಥಿಗಳ ಪ್ರಶ್ನೆ ನ್ಯಾಯವಾದದ್ದು. ಗುರುತ್ವದ ಬೆಲೆಯನ್ನು ಕಂಡುಹಿಡಿಯಲು ಆ ಯಂತ್ರವನ್ನು ಕಟ್ಟಲೇ ಇಲ್ಲ. ಅಟ್‌ವುಡ್‌ಗೆ ಆ ಬೆಲೆ ಲೋಲಕದ ಅಳತೆಗಳಿಂದ ಮೊದಲೇ ಗೊತ್ತಿತ್ತು: ಸ್ವತಂತ್ರವಾಗಿ ಬೀಳುವ ವಸ್ತು ಮೊದಲ ಸೆಕೆಂಡಿನಲ್ಲಿ 193 ಇಂಚು, ಅಂದರೆ ಹದಿನಾರು ಅಡಿಗಿಂತ ತುಸು ಹೆಚ್ಚು, ಇಳಿಯುತ್ತದೆ. ಇಷ್ಟು ವೇಗದ ಚಲನೆಯನ್ನು ಕೊಠಡಿಯಲ್ಲಿ ಕುಳಿತವರ ಕಣ್ಣು ಹಿಂಬಾಲಿಸಲಾರದು. ಕೇಂಬ್ರಿಜ್‌ನ ಟ್ರಿನಿಟಿ ಕಾಲೇಜಿನಲ್ಲಿ ಉಪನ್ಯಾಸ ಕೊಡುತ್ತಿದ್ದ ಜಾರ್ಜ್ ಅಟ್‌ವುಡ್ ಬಯಸಿದ್ದು, ಬಲಕ್ಕೂ ವೇಗೋತ್ಕರ್ಷಕ್ಕೂ ಇರುವ ಸಂಬಂಧವನ್ನು ಸಭೆಯ ಕಣ್ಣೆದುರಿಗೆ, ಗಡಿಯಾರದ ಒಂದೊಂದು ಬಡಿತಕ್ಕೂ ಹೊಂದುವಂತೆ ತೋರಿಸಬೇಕೆಂದು. ಯಂತ್ರದ ಪೂರ್ಣ ವಿವರಣೆ 1784ರಲ್ಲಿ ಪ್ರಕಟವಾದ ಅವರ ಗ್ರಂಥದಲ್ಲಿದೆ.

ಅವರ ಲೆಕ್ಕವನ್ನು ನೋಡಿ. ಕಾಲು ಔನ್ಸ್ ತೂಕವನ್ನು ಒಂದು ಮಾನವೆಂದು ಇಟ್ಟುಕೊಂಡರು. ದಾರದ ಎರಡೂ ತುದಿಗಳಲ್ಲಿ ಸಮ ತೂಕಗಳನ್ನು ತೂಗುಹಾಕಿ, ಒಂದು ಕಡೆಗೆ ಮಾತ್ರ ಒಂದು ಮಾನದಷ್ಟು ಹೆಚ್ಚುವರಿ ತೂಕವನ್ನು ಇಟ್ಟರು. ಗಾಲಿಗಳ ಜಡತ್ವವೂ ಸೇರಿ ಚಲಿಸುವ ಒಟ್ಟು ದ್ರವ್ಯ 64 ಮಾನಗಳಾಗುವಂತೆ ನೋಡಿಕೊಂಡರು. ಹಾಗಾದರೆ ವೇಗೋತ್ಕರ್ಷವು ಗುರುತ್ವದ ಅರವತ್ತನಾಲ್ಕನೇ ಒಂದು ಭಾಗ. 193ನ್ನು 64ರಿಂದ ಭಾಗಿಸಿದರೆ ಹೆಚ್ಚುಕಡಿಮೆ 3. ತೂಕವು ಒಂದು ಸೆಕೆಂಡಿನಲ್ಲಿ 3 ಇಂಚು, ಎರಡರಲ್ಲಿ 12, ಮೂರರಲ್ಲಿ 27, ನಾಲ್ಕರಲ್ಲಿ 48 ಇಂಚು ಇಳಿಯುತ್ತದೆ. ಕಂಬಕ್ಕೆ ಹೊಂದಿಕೊಂಡ ಅಳತೆಪಟ್ಟಿಯ ಮೇಲೆ ಸರಿಯಾದ ಗುರುತಿನಲ್ಲಿ ಸಣ್ಣ ತಟ್ಟೆಯೊಂದನ್ನು ಬಿಗಿದಿಟ್ಟರೆ, ಗಡಿಯಾರದ ಬಡಿತವೂ ತೂಕವು ತಟ್ಟೆಗೆ ತಾಗುವ ಸದ್ದೂ ಒಟ್ಟಿಗೆ ಕೇಳಿಸುತ್ತವೆ. ಕಾಲದ ವರ್ಗಕ್ಕೆ ದೂರ ಅನುಪಾತದಲ್ಲಿದೆ ಎನ್ನುವುದನ್ನು ಲೆಕ್ಕ ಬಾರದವರೂ ಕಿವಿಯಿಂದಲೇ ಒಪ್ಪಿಕೊಳ್ಳಬಹುದು. ನನ್ನ ದೃಷ್ಟಿಯಲ್ಲಿ ಇದಕ್ಕಿಂತ ಸೊಗಸಾದ ಬೋಧನೋಪಕರಣ ಆ ಶತಮಾನದಲ್ಲಿ ಇನ್ನೊಂದಿಲ್ಲ.

ಇನ್ನೊಂದು ಏರ್ಪಾಡನ್ನೂ ಹೇಳಬೇಕು. ಹೆಚ್ಚುವರಿ ತೂಕವನ್ನು ಉದ್ದನೆಯ ಪಟ್ಟಿಯ ಆಕಾರದಲ್ಲಿ ಮಾಡಿಸಿದ್ದರು. ದಾರಿಯ ಮಧ್ಯೆ ಒಂದು ಬಳೆಯನ್ನು ಬಿಗಿದಿಟ್ಟರೆ, ತೂಕದ ಪೆಟ್ಟಿಗೆ ಬಳೆಯೊಳಗಿಂದ ತೂರಿ ಕೆಳಗಿಳಿಯುತ್ತದೆ, ಪಟ್ಟಿ ಮಾತ್ರ ಬಳೆಯ ಮೇಲೆಯೇ ಉಳಿಯುತ್ತದೆ. ಆ ಕ್ಷಣದಿಂದ ಎರಡೂ ಕಡೆಯ ತೂಕ ಸಮವಾದ್ದರಿಂದ, ಪೆಟ್ಟಿಗೆ ಗಳಿಸಿದ ವೇಗದಲ್ಲೇ ಮುಂದುವರಿಯುತ್ತದೆ. ನ್ಯೂಟನ್‌ನ ಮೊದಲ ನಿಯಮವೂ ಎರಡನೆಯ ನಿಯಮವೂ ಒಂದೇ ಇಳಿತದಲ್ಲಿ ಕಾಣಿಸಿಕೊಳ್ಳುತ್ತವೆ.

ಈಗ ಆ ನಾಲ್ಕು ಗಾಲಿಗಳ ವಿಚಾರ. ಚಾಲಕ ಬಲ ಕಾಲು ಔನ್ಸ್ ಮಾತ್ರ. ಅದು ಎಳೆಯಬೇಕಾದದ್ದು ಒಟ್ಟು 16 ಔನ್ಸ್. ರಾಟೆಯ ಅಚ್ಚು ಸಾಮಾನ್ಯ ಗೂಡಿನಲ್ಲಿ ಉಜ್ಜುತ್ತಾ ತಿರುಗಿದರೆ, ಆ ಕಾಲು ಔನ್ಸಿನ ದೊಡ್ಡ ಪಾಲನ್ನು ಘರ್ಷಣೆಯೇ ತಿಂದುಹಾಕುತ್ತದೆ. ಅಚ್ಚಿನ ಎರಡೂ ತುದಿಗಳನ್ನು ಎರಡೆರಡು ಗಾಲಿಗಳ ಅಂಚಿನ ಮೇಲೆ ಕೂರಿಸಿದಾಗ ಅಚ್ಚು ಉಜ್ಜುವುದಿಲ್ಲ, ಉರುಳುತ್ತದೆ. ಉಜ್ಜುವಿಕೆ ಉಳಿಯುವುದು ಗಾಲಿಗಳ ತೆಳ್ಳಗಿನ ಅಚ್ಚುಗಳಲ್ಲಿ ಮಾತ್ರ, ಅವಾದರೋ ಬಹಳ ನಿಧಾನವಾಗಿ ತಿರುಗುತ್ತವೆ. ಗಾಲಿಯ ವ್ಯಾಸಕ್ಕೆ ಹೋಲಿಸಿದರೆ ಅದರ ಅಚ್ಚು ಎಷ್ಟು ಸಣ್ಣದೋ, ಘರ್ಷಣೆಯೂ ಅಷ್ಟರಮಟ್ಟಿಗೆ ಇಳಿಯುತ್ತದೆ. ಆದ್ದರಿಂದ ಆ ಕುಸುರಿ ಕೆಲಸ ಅಲಂಕಾರವಲ್ಲ. ಅದನ್ನು ತೆಗೆದರೆ 3, 12, 27, 48 ಎಂಬ ಸಾಲು ಕೆಡುತ್ತದೆ, ಸಭೆಯಲ್ಲಿ ಕುಳಿತವರು ನಿಯಮವನ್ನು ನಂಬಲು ಕಾರಣವೇ ಉಳಿಯುವುದಿಲ್ಲ. ನಿಮ್ಮ ಪ್ರಯೋಗಾಲಯದಲ್ಲಿ ಬೆಲೆ ಕಡಿಮೆ ಬರುವುದಕ್ಕೂ ಘರ್ಷಣೆ ಮತ್ತು ಲೆಕ್ಕಕ್ಕೆ ಹಿಡಿಯದೆ ಬಿಟ್ಟ ರಾಟೆಯ ಜಡತ್ವ, ಇವೆರಡೇ ಮುಖ್ಯ ಕಾರಣಗಳಾಗಿರಬೇಕು.

ಉತ್ತರ 2: ನೆದರ್ಲ್ಯಾಂಡ್ಸ್‌ನಲ್ಲಿ ನೆಲೆಸಿರುವ ಓದುಗ

ಪ್ರಾಧ್ಯಾಪಕರ ಮಾತಿಗೆ ಲೈಡನ್ ನಗರದ ಒಂದು ಉದಾಹರಣೆಯನ್ನು ಸೇರಿಸುತ್ತೇನೆ, ಏಕೆಂದರೆ ಉಪನ್ಯಾಸದ ಉಪಕರಣಗಳ ಪರಂಪರೆ ಬಲವಾಗಿ ಬೆಳೆದದ್ದು ಅಲ್ಲಿ. 1717ರಲ್ಲಿ ಅಲ್ಲಿನ ವಿಶ್ವವಿದ್ಯಾಲಯದ ಪ್ರಾಧ್ಯಾಪಕರಾದ ವಿಲ್ಲೆಮ್ ಸ್ ಗ್ರಾವೆಸಾಂಡೆ ಅವರು ನ್ಯೂಟನ್‌ನ ಭೌತಶಾಸ್ತ್ರವನ್ನು ಪ್ರಯೋಗಗಳ ಮೂಲಕವೇ ಕಲಿಸಲು ನಿರ್ಧರಿಸಿದರು. ಅವರ ಉಪಕರಣಗಳನ್ನು ತಯಾರಿಸಿಕೊಟ್ಟವರು ಯಾನ್ ವಾನ್ ಮುಸ್ಶೆನ್‌ಬ್ರೂಕ್. ವಿದ್ಯುತ್ತನ್ನು ಕೂಡಿಡುವ ಗಾಜಿನ ಪಾತ್ರೆಯಾದ ಲೈಡನ್ ಜಾಡಿಯ ಜೊತೆ ಹೆಸರು ಸೇರಿಹೋಗಿರುವ ಪೀಟರ್ ವಾನ್ ಮುಸ್ಶೆನ್‌ಬ್ರೂಕ್‌ರ ಅಣ್ಣ. ಆ ಉಪಕರಣಗಳಲ್ಲಿ ಹಲವು ಇಂದಿಗೂ ಲೈಡನ್‌ನ ಬೂರ್‌ಹಾವೆ ವಸ್ತುಸಂಗ್ರಹಾಲಯದಲ್ಲಿವೆ. ಕಾಯಿಸಿದಾಗ ಬಳೆಯೊಳಗೆ ತೂರದ, ತಣಿದಾಗ ತೂರುವ ಗುಂಡನ್ನು ನಾವೆಲ್ಲರೂ ಹೈಸ್ಕೂಲಿನಲ್ಲಿ ನೋಡಿದ್ದೇವಲ್ಲವೇ, ಅದೂ ಅವರ ಹೆಸರಿನದೇ.

ನಾನು ಹೇಳಬೇಕೆಂದದ್ದು 1722ರ ಪ್ರಯೋಗದ ಬಗ್ಗೆ. ಚಲಿಸುವ ವಸ್ತುವಿನ ಶಕ್ತಿಯನ್ನು ವೇಗದಿಂದ ಅಳೆಯಬೇಕೋ, ವೇಗದ ವರ್ಗದಿಂದ ಅಳೆಯಬೇಕೋ ಎಂಬುದು ಆಗ ದೊಡ್ಡ ವಿವಾದ. ನ್ಯೂಟನ್‌ನ ಅನುಯಾಯಿಗಳು ಮೊದಲನೆಯ ಪಕ್ಷ, ಲೈಬ್ನಿಟ್ಸ್‌ನ ಕಡೆಯವರು ಎರಡನೆಯ ಪಕ್ಷ. ಸ್ ಗ್ರಾವೆಸಾಂಡೆ ಒಂದೇ ಗಾತ್ರದ, ಬೇರೆ ಬೇರೆ ತೂಕದ ಹಿತ್ತಾಳೆಯ ಗೋಲಗಳನ್ನು ಮೆದು ಜೇಡಿಮಣ್ಣಿನ ಮೇಲೆ ಬೀಳಿಸಿ ಕುಳಿಗಳನ್ನು ಹೋಲಿಸಿದರು. ಒಂದರ ತೂಕ ಇನ್ನೊಂದರ ಎರಡರಷ್ಟಿದ್ದರೆ, ಅದನ್ನು ಅರ್ಧ ಎತ್ತರದಿಂದ ಬಿಟ್ಟಾಗ ಕುಳಿಗಳು ಸಮವಾದವು. ಬೀಳುವ ಎತ್ತರವು ವೇಗದ ವರ್ಗಕ್ಕೆ ಅನುಪಾತದಲ್ಲಿರುವುದರಿಂದ ತೀರ್ಪು ಲೈಬ್ನಿಟ್ಸ್‌ನ ಪರವಾಗಿ ಬಂತು. ಸ್ವತಃ ನ್ಯೂಟನ್‌ನ ಅನುಯಾಯಿಯಾಗಿದ್ದವರು ಮಣ್ಣಿನ ಕುಳಿಯನ್ನು ನಂಬಿ ತಮ್ಮ ಪಕ್ಷವನ್ನು ಬದಲಿಸಿದರು. ಎಮಿಲಿ ದು ಶಾತಲೆ 1740ರ ತಮ್ಮ ಭೌತಶಾಸ್ತ್ರ ಗ್ರಂಥದಲ್ಲಿ ಇದೇ ಪಕ್ಷವನ್ನು ಎತ್ತಿಹಿಡಿದರು. ಉಪನ್ಯಾಸಕ್ಕೆಂದು ಮಾಡಿದ ಉಪಕರಣ ಉಪನ್ಯಾಸಕನ ಅಭಿಪ್ರಾಯವನ್ನೇ ತಿದ್ದಬಲ್ಲದು ಎನ್ನುವುದಕ್ಕೆ ಇದು ಸಾಕ್ಷಿ.

ಮರುಪ್ರಶ್ನೆ: ಭೌತಶಾಸ್ತ್ರ ಉಪನ್ಯಾಸಕಿ, ಹಾಸನ

ಇಬ್ಬರಿಗೂ ಹೃತ್ಪೂರ್ವಕ ಧನ್ಯವಾದಗಳು. ಒಂದು ಸಂದೇಹ ಉಳಿದಿದೆ. ಫ್ರೆಂಚ್ ಭೌತವಿಜ್ಞಾನಿ ಅಬೆ ನೊಲೆ 1746ರಲ್ಲಿ ಫ್ರಾನ್ಸಿನ ದೊರೆಯ ಮುಂದೆ 180 ಮಂದಿ ಸೈನಿಕರನ್ನು ಕೈಕೈ ಹಿಡಿದು ನಿಲ್ಲಿಸಿ, ಲೈಡನ್ ಜಾಡಿಯ ವಿದ್ಯುತ್ತನ್ನು ಹಾಯಿಸಿ, ಎಲ್ಲರೂ ಒಮ್ಮೆಲೇ ಬೆಚ್ಚಿ ನೆಗೆಯುವಂತೆ ಮಾಡಿದರೆಂದು ಓದಿದ್ದೇನೆ. ಅದನ್ನೂ ವಿಜ್ಞಾನದ ವಾದವೆಂದು ಕರೆಯಬಹುದೇ? ಜೊತೆಗೆ, ರಾಟೆಯ ಜಡತ್ವವನ್ನು ಅಟ್‌ವುಡ್ ಹೇಗೆ ಕಂಡುಕೊಂಡರು? ಆ ಕಾಲದಲ್ಲಿ ಅದನ್ನು ಆಕಾರದಿಂದ ಲೆಕ್ಕ ಹಾಕುವುದು ಕಷ್ಟವಿದ್ದಿರಬೇಕಲ್ಲವೇ?

ಉತ್ತರ 3: ವಿಜ್ಞಾನ ಇತಿಹಾಸದ ವಿದ್ಯಾರ್ಥಿ, ಬೆಂಗಳೂರು

ನೊಲೆಯವರ ಪ್ರದರ್ಶನದಲ್ಲಿ ಆಸ್ಥಾನದ ಮನರಂಜನೆಯ ಅಂಶ ಹೆಚ್ಚಿತ್ತು, ನಿಜ. ಆದರೆ ಸಾಲಿನ ಮೊದಲನೆಯವನೂ ಕೊನೆಯವನೂ ಒಂದೇ ಕ್ಷಣದಲ್ಲಿ ನೆಗೆದದ್ದು ವಿದ್ಯುತ್ತಿನ ವೇಗದ ಬಗ್ಗೆ ಏನನ್ನೋ ಹೇಳುತ್ತಿತ್ತು ಎಂಬುದನ್ನು ಮರೆಯಬಾರದು. ಹಾರ್ಲೆಮ್‌ನ ಟೈಲರ್ ವಸ್ತುಸಂಗ್ರಹಾಲಯದ ವಿದ್ಯುತ್ ಯಂತ್ರ ಇನ್ನೂ ಒಳ್ಳೆಯ ಉದಾಹರಣೆ. ಮಾರ್ಟಿನಸ್ ವಾನ್ ಮಾರುಮ್ ಅವರಿಗಾಗಿ ಜಾನ್ ಕತ್ಬರ್ಟ್‌ಸನ್ 1784ರಲ್ಲಿ ಅದನ್ನು ಕಟ್ಟಿಕೊಟ್ಟರು; ಅದರ ಎರಡು ಗಾಜಿನ ಬಿಲ್ಲೆಗಳ ವ್ಯಾಸ ಸುಮಾರು 1.65 ಮೀಟರ್, ಅದರಿಂದ ಎರಡು ಅಡಿ ಉದ್ದದ ಕಿಡಿ ಹಾರುತ್ತಿತ್ತು. ಆ ಕಿಡಿಗಳ ಸುತ್ತ ಒಂದು ವಿಶಿಷ್ಟ ವಾಸನೆ ಬರುವುದನ್ನು ವಾನ್ ಮಾರುಮ್ 1785ರಲ್ಲಿ ಗುರುತಿಸಿದರು. ಓಜೋನ್ ಎಂಬ ಹೆಸರು ಅದಕ್ಕೆ ಬಂದದ್ದು ಅರ್ಧ ಶತಮಾನದ ನಂತರ.

ನಮ್ಮ ನೆಲಕ್ಕೆ ಸಂಬಂಧಿಸಿದ ಒಂದು ಸಂಗತಿಯನ್ನೂ ಹೇಳಲೇಬೇಕು. 1793ರಲ್ಲಿ ಚೀನಾದ ಚಕ್ರವರ್ತಿಯ ಬಳಿಗೆ ಹೋದ ಮೆಕಾರ್ಟ್ನಿ ನಿಯೋಗದಲ್ಲಿ ಜೇಮ್ಸ್ ಡಿನ್‌ವಿಡ್ಡಿ ಎಂಬ ಸ್ಕಾಟ್ಲೆಂಡಿನ ಉಪನ್ಯಾಸಕರಿದ್ದರು. ಗ್ರಹಗಳ ಚಲನೆಯನ್ನು ತೋರಿಸುವ ಯಂತ್ರ, ನಿರ್ವಾತ ಪಂಪು ಮುಂತಾದವುಗಳ ಹೊಣೆ ಅವರದಾಗಿತ್ತು. ಆಸ್ಥಾನಕ್ಕೆ ಆ ವಸ್ತುಗಳು ಹಿಡಿಸಲಿಲ್ಲ. ಉಳಿದ ಉಪಕರಣಗಳೊಂದಿಗೆ ಡಿನ್‌ವಿಡ್ಡಿ ಕಲ್ಕತ್ತೆಗೆ ಬಂದರು. ಅವುಗಳಲ್ಲಿದ್ದ, ಲಂಡನ್ನಿನ ಪ್ರಖ್ಯಾತ ತಯಾರಕ ಜೆಸ್ಸಿ ರಾಮ್ಸ್‌ಡನ್ ಮಾಡಿದ ಉಕ್ಕಿನ ಅಳತೆ ಸರಪಳಿ ಭೂಮಾಪಕ ವಿಲಿಯಂ ಲ್ಯಾಂಬ್ಟನ್‌ರ ಕೈಸೇರಿತು. 1799ರ ಶ್ರೀರಂಗಪಟ್ಟಣದ ಯುದ್ಧದಲ್ಲಿದ್ದ ಇದೇ ಲ್ಯಾಂಬ್ಟನ್ ಮರುವರ್ಷ, 1800ರಲ್ಲಿ, ಬೆಂಗಳೂರಿನ ಬಳಿ ಭೂಮಾಪನಕ್ಕೆ ಬುನಾದಿಯಾಗುವ ತಮ್ಮ ಮೊದಲ ಆಧಾರರೇಖೆಯನ್ನು ಅಳೆದರು. ಸರಪಳಿಯ ಉದ್ದ 100 ಅಡಿ. ಎರಡೂವರೆ ಅಡಿಯ 40 ಕೊಂಡಿಗಳು. ಉಕ್ಕು ಬಿಸಿಲಿಗೆ ಹಿಗ್ಗುವುದರಿಂದ ಇಂಥ ಅಳತೆಗಳಲ್ಲಿ ಉಷ್ಣಮಾಪಕಗಳನ್ನು ಇಟ್ಟು ಲೆಕ್ಕವನ್ನು ತಿದ್ದಬೇಕಾಗುತ್ತಿತ್ತು. ಉಡುಗೊರೆಗೆಂದು ಹಡಗು ಹತ್ತಿದ ಸರಪಳಿ ನಮ್ಮ ಬಯಲಿನಲ್ಲಿ ಭೂಮಿಯನ್ನು ಅಳೆಯಿತು. ತೋರಿಸುವ ಉಪಕರಣ ಮತ್ತು ಅಳೆಯುವ ಉಪಕರಣ ಎಂಬ ಗೆರೆಯನ್ನು ಆ ಕಾಲಕ್ಕೆ ಗಟ್ಟಿಯಾಗಿ ಎಳೆಯಲು ನನಗೆ ಮನಸ್ಸು ಬಾರದಿರುವುದು ಇದಕ್ಕಾಗಿಯೇ.

ಉತ್ತರ 4: ನಿವೃತ್ತ ಪ್ರಾಧ್ಯಾಪಕ, ಮೈಸೂರು

ಜಡತ್ವದ ಪ್ರಶ್ನೆಗೆ ಉತ್ತರಿಸುತ್ತೇನೆ. ಅಟ್‌ವುಡ್ ಆಕಾರದಿಂದ ಲೆಕ್ಕ ಹಾಕುವ ಗೋಜಿಗೆ ಹೋಗದೆ ಪ್ರಯೋಗದಿಂದಲೇ ಕಂಡುಕೊಂಡರು. ಎರಡೂ ತೂಕಗಳನ್ನು ತೆಗೆದು, ರಾಟೆಗೆ ರೇಷ್ಮೆಯ ಎಳೆಯನ್ನು ಸುತ್ತಿ, ಅದರ ತುದಿಗೆ ಕೇವಲ 30 ಗ್ರೇನ್ ತೂಕವನ್ನು ಕಟ್ಟಿ ಬಿಟ್ಟರು. ಅದು 3 ಸೆಕೆಂಡುಗಳಲ್ಲಿ 38½ ಇಂಚು ಇಳಿಯಿತು. ಸ್ವತಂತ್ರವಾಗಿ ಬಿದ್ದಿದ್ದರೆ 193ರ ಒಂಬತ್ತರಷ್ಟು, ಅಂದರೆ 1737 ಇಂಚು ಇಳಿಯಬೇಕಿತ್ತು. 30ನ್ನು 1737ರಿಂದ ಗುಣಿಸಿ 38½ರಿಂದ ಭಾಗಿಸಿದರೆ ಚಲಿಸಿದ ಒಟ್ಟು ದ್ರವ್ಯ ಸುಮಾರು 1353 ಗ್ರೇನ್. ಅದರಲ್ಲಿ ತೂಕದ 30 ಕಳೆದರೆ ಗಾಲಿಗಳ ಪಾಲು 1323. ಔನ್ಸಿಗೆ 480 ಗ್ರೇನ್‌ನಂತೆ ಅದು 2¾ ಔನ್ಸ್, ಅಂದರೆ ಅವರ ಮಾನದಲ್ಲಿ 11. ಎರಡು ಕಡೆ 26ರಂತೆ 52, ಗಾಲಿಗಳದ್ದು 11, ಹೆಚ್ಚುವರಿ 1, ಒಟ್ಟು 64.

ಮೇಡಂ, ಇದನ್ನು ನಿಮ್ಮ ವಿದ್ಯಾರ್ಥಿಗಳೂ ಮಾಡಬಹುದು. ಮೊದಲು ಇದೇ ವಿಧಾನದಿಂದ ನಿಮ್ಮ ರಾಟೆಯ ಜಡತ್ವ ಎಷ್ಟು ಗ್ರಾಂ ದ್ರವ್ಯಕ್ಕೆ ಸಮವೆಂದು ಅಳೆಯಲಿ. ಆಮೇಲೆ ಸಮ ತೂಕಗಳನ್ನು ಹಾಕಿ, ಒಂದು ಕಡೆಗೆ ಚೂರು ತಂತಿಯನ್ನು ಸೇರಿಸುತ್ತಾ ಹೋಗಿ, ಮೆಲ್ಲನೆ ತಳ್ಳಿದಾಗ ತೂಕ ಒಂದೇ ವೇಗದಲ್ಲಿ ಇಳಿಯುವಂತಾದರೆ ಘರ್ಷಣೆ ಸರಿದೂಗಿದೆ ಎಂದರ್ಥ. ತಂತಿಯನ್ನು ಅಲ್ಲಿಯೇ ಬಿಟ್ಟು, ರಾಟೆಯ ಪಾಲೂ ಸೇರಿ ಒಟ್ಟು 640 ಗ್ರಾಂ ಆಗುವಂತೆ ಹೊಂದಿಸಿ, ಅದರಲ್ಲಿ 10 ಗ್ರಾಂ ಹೆಚ್ಚುವರಿ ತೂಕವಾಗಿರಲಿ. ಮೊದಲ ನಾಲ್ಕು ಸೆಕೆಂಡುಗಳ ದೂರಗಳು ಸುಮಾರು 7.7, 30.6, 68.9 ಮತ್ತು 122.5 ಸೆಂಟಿಮೀಟರ್ ಬರಬೇಕು. ಗೋಡೆಯ ಮೇಲೆ ಈ ನಾಲ್ಕು ಗುರುತುಗಳನ್ನು ಮೊದಲೇ ಹಾಕಿಸಿ, ಸೆಕೆಂಡಿಗೊಮ್ಮೆ ಸದ್ದು ಮಾಡುವ ಯಾವುದಾದರೊಂದು ಗಡಿಯಾರವನ್ನು ಪಕ್ಕದಲ್ಲಿಟ್ಟು ತೂಕವನ್ನು ಬಿಡಲು ಹೇಳಿ. ಗುರುತ್ವದ ಬೆಲೆಯ ಲೆಕ್ಕ ಆಮೇಲೆ ಮಾಡಿದರೂ ಆದೀತು.