ಸಹಾಯ ಬೇಕು: ಖಿರ್ಬೆತ್ ಖೈಯಾಫಾದ ಕಾರ್ಬನ್ ಲೆಕ್ಕ ಅರ್ಥವಾಗುತ್ತಿಲ್ಲ

ಎಲ್ಲರಿಗೂ ನಮಸ್ಕಾರ. ಎಂ.ಎ. ಪ್ರಾಜೆಕ್ಟ್‌ಗೆ ಇಸ್ರೇಲಿನ ಖಿರ್ಬೆತ್ ಖೈಯಾಫಾ ತಗೊಂಡಿದ್ದೇನೆ. ಏಲಾ ಕಣಿವೆಯ ಮೇಲಿನ ಗುಡ್ಡದಲ್ಲಿರುವ ಹಳೇ ಕೋಟೆ ಅದು. ಬೈಬಲ್‌ನಲ್ಲಿ ದಾವೀದ (ಮುಂದೆ ಇಸ್ರೇಲಿನ ರಾಜನಾದವನು) ದೈತ್ಯ ಗೊಲ್ಯಾತನನ್ನು ಹೊಡೆದ ಕತೆ ನಡೆಯುವುದು ಇದೇ ಕಣಿವೆಯಲ್ಲಿ. ಜೆರುಸಲೇಮಿನ ಹೀಬ್ರೂ ವಿಶ್ವವಿದ್ಯಾಲಯದ ಯೋಸೆಫ್ ಗಾರ್ಫಿಂಕೆಲ್ ತಂಡ 2007ರಿಂದ 2013ರವರೆಗೆ ಇಲ್ಲಿ ಅಗೆಯಿತು. 2008ರಲ್ಲಿ ಒಂದು ಮಡಕೆ ಚೂರು ಸಿಕ್ಕಿತು. ಮಸಿಯಲ್ಲಿ ಬರೆದ ಐದು ಸಾಲು, ಅಕ್ಷರಗಳು ಮಾಸಿಹೋಗಿವೆ. ಅದರ ಫೋಟೋ ಎಷ್ಟು ಸಲ ದೊಡ್ಡದು ಮಾಡಿ ನೋಡಿದ್ದೇನೋ!

ನಾನು ಸಿಕ್ಕಿಹಾಕಿಕೊಂಡಿರುವುದು ಆಲಿವ್ ಬೀಜಗಳಲ್ಲಿ. ಅಲ್ಲಿ ಸಿಕ್ಕ ಸುಟ್ಟ ಬೀಜಗಳು ಎಷ್ಟು ಹಳೆಯವು ಅಂತ ತಿಳಿಯಲು ಆಕ್ಸ್‌ಫರ್ಡ್‌ನಲ್ಲಿ ಕಾರ್ಬನ್ ಪರೀಕ್ಷೆ ಮಾಡಿಸಿದರು. ಊರು ಕ್ರಿ.ಪೂ. 1000ದ ಆಸುಪಾಸಿನದು, ದಾವೀದನ ಕಾಲದ್ದು ಎನ್ನುತ್ತಾರೆ ಗಾರ್ಫಿಂಕೆಲ್. ಟೆಲ್ ಅವೀವ್ ವಿಶ್ವವಿದ್ಯಾಲಯದ ಪುರಾತತ್ವಜ್ಞ ಇಸ್ರೇಲ್ ಫಿಂಕೆಲ್‌ಸ್ಟೈನ್ ಇದನ್ನು ಒಪ್ಪುವುದಿಲ್ಲ. ಅಂಕಿಗಳು ಅವೇ, ತೀರ್ಮಾನ ಮಾತ್ರ ಬೇರೆ. ಇದು ಹೇಗೆ ಸಾಧ್ಯ ಅಂತ ತಿಳಿಯದೆ ಸುಮ್ನೆ ಬರೆದುಬಿಡಲು ಮನಸ್ಸು ಒಪ್ಪುತ್ತಿಲ್ಲ.

ಕಾರ್ಬನ್ ಡೇಟಿಂಗ್‌ನ ಕ್ಯಾಲಿಬ್ರೇಷನ್ (ಪರೀಕ್ಷೆಯಲ್ಲಿ ಬಂದ ಅಂಕಿಯನ್ನು ನಿಜವಾದ ವರ್ಷಗಳಿಗೆ ಹೊಂದಿಸುವ ಲೆಕ್ಕ) ಗೊತ್ತಿರುವವರು ಯಾರಾದರೂ ಇದ್ದೀರಾ? ಒಂದರ್ಧ ಗಂಟೆ ಕನ್ನಡದಲ್ಲಿ ಬಿಡಿಸಿ ಹೇಳಿದರೆ ಸಾಕು. ನಾನು ಇತಿಹಾಸದ ವಿದ್ಯಾರ್ಥಿನಿ, ಗಣಿತ ಪಿಯುಸಿಗೇ ನಿಂತಿದೆ. ಇಸ್ರೇಲಿನ ಉತ್ಖನನಗಳಿಗೆ ವಾಲಂಟಿಯರ್ ಆಗಿ ಹೋಗಿ ಬಂದವರಿದ್ದರೂ ದಯವಿಟ್ಟು ಮೆಸೇಜ್ ಮಾಡಿ. ಮಣ್ಣಿನ ಯಾವ ಪದರದಲ್ಲಿ ಬೀಜ ಸಿಕ್ಕಿತು ಅಂತ ಹೇಗೆ ಬರೆದಿಡುತ್ತಾರೆ ಅನ್ನುವುದನ್ನೂ ಕೇಳಬೇಕಿದೆ.