ನವಜಾತ ಶಿಶುವಿನ ಶ್ರವಣ ತಪಾಸಣೆ: ‘ರೆಫರ್’ ಬಂದ ಮಗು ಮತ್ತೆ ಬರುವಂತೆ ಮಾಡುವುದು ಹೇಗೆ?

ಪ್ರಶ್ನೆ (ತಾಲ್ಲೂಕು ಆಸ್ಪತ್ರೆಯೊಂದರ ಶುಶ್ರೂಷಾಧಿಕಾರಿ): ನಮಸ್ಕಾರ ಮೇಡಂ. ನಮ್ಮ ಹೆರಿಗೆ ವಾರ್ಡಿನಲ್ಲಿ ಶಿಶುಗಳ ಶ್ರವಣ ಪರೀಕ್ಷಿಸುವ ಓಎಇ ಯಂತ್ರವಿದ್ದು, ಮಗು ಹುಟ್ಟಿದ ದಿನವೇ ತಪಾಸಣೆ ಮಾಡುತ್ತೇವೆ. ಆದರೆ ಬಹಳಷ್ಟು ಮಕ್ಕಳಿಗೆ ‘ರೆಫರ್’ (ಮರುಪರೀಕ್ಷೆ ಬೇಕು) ಎಂದೇ ಬರುವುದರಿಂದ, ‘ಪಾಸ್’ ಬರುವವರೆಗೆ ನಾಲ್ಕೈದು ಸಲ ಪರೀಕ್ಷಿಸುವುದೂ ಉಂಟು. ಎರಡನೆಯ ತಪಾಸಣೆಗೆ ಕರೆದರೆ ಬರುವವರು ತೀರಾ ಕಡಿಮೆ. ಇದನ್ನು ಸುಧಾರಿಸುವುದು ಹೇಗೆ?

ಉತ್ತರ (ಶ್ರವಣ ತಜ್ಞೆ): ನಮಸ್ಕಾರ. ಮೊದಲು ಸಮಯವನ್ನು ಬದಲಿಸಿ. ಆರೋಗ್ಯವಂತ ಒಳಕಿವಿಯು ಶಬ್ದ ಕೇಳಿದಾಗ ತಾನೂ ಅತಿ ಸಣ್ಣದೊಂದು ಧ್ವನಿಯನ್ನು ಹೊರಸೂಸುತ್ತದೆ ಎಂಬುದನ್ನು ಲಂಡನ್ನಿನ ಡೇವಿಡ್ ಕೆಂಪ್ ಅವರು 1978ರಲ್ಲಿ ತೋರಿಸಿಕೊಟ್ಟರು. ಓಎಇ ಯಂತ್ರ ಹಿಡಿಯುವುದು ಆ ಧ್ವನಿಯನ್ನೇ. ಹುಟ್ಟಿದ ದಿನ ಕಿವಿಯ ನಾಳದಲ್ಲಿ ಬಿಳಿಯ ಜಿಡ್ಡು, ನಡುಗಿವಿಯಲ್ಲಿ ದ್ರವ ಉಳಿದಿರುವುದರಿಂದ ಎಷ್ಟೋ ಮಕ್ಕಳಲ್ಲಿ ಆ ಧ್ವನಿ ಹೊರಗೆ ಬರುವುದೇ ಇಲ್ಲ. ಆದ್ದರಿಂದ ಕನಿಷ್ಠ 24 ಗಂಟೆ, ಸಾಧ್ಯವಾದರೆ 48 ಗಂಟೆ ಕಳೆದ ಮೇಲೆ, ಡಿಸ್ಚಾರ್ಜ್‌ಗೆ ಮುನ್ನ ಪರೀಕ್ಷಿಸಿ. ಮಗು ಹಾಲು ಕುಡಿದು ನಿದ್ರೆ ಹೋಗಿರಲಿ, ಬಟ್ಟೆಯಲ್ಲಿ ಬೆಚ್ಚಗೆ ಸುತ್ತಿರಲಿ, ಫ್ಯಾನ್ ನಿಲ್ಲಿಸಿ ಬಾಗಿಲು ಮುಚ್ಚಿರಲಿ. ಕಿವಿಯನ್ನು ಮೆಲ್ಲಗೆ ಹಿಂದಕ್ಕೂ ಕೆಳಕ್ಕೂ ಎಳೆದು ಪ್ರೋಬ್ (ಯಂತ್ರದ ಕಿವಿಯೊಳಗಿಡುವ ಭಾಗ) ಕೂರಿಸಿ. ಹೊರತೆಗೆದಾಗ ಅದರ ತುದಿಯನ್ನು ಬೆಳಕಿಗೆ ಹಿಡಿದು ನೋಡಿ: ಸೂಜಿಮೊನೆಯಷ್ಟು ಜಿಡ್ಡು ರಂಧ್ರಕ್ಕೆ ಮೆತ್ತಿದ್ದರೂ ಸಾಕು, ಮುಂದಿನ ಮಗುವಿಗೂ ‘ರೆಫರ್’ ಬರುತ್ತದೆ.

‘ಪಾಸ್’ ಬರುವವರೆಗೆ ಮತ್ತೆ ಮತ್ತೆ ಪರೀಕ್ಷಿಸುವುದನ್ನು ದಯವಿಟ್ಟು ಇಂದೇ ನಿಲ್ಲಿಸಿ. ಪರೀಕ್ಷೆಯ ಸಂಖ್ಯೆ ಹೆಚ್ಚಿದಷ್ಟೂ ಕೇಳದ ಕಿವಿಯೂ ಆಕಸ್ಮಿಕವಾಗಿ ‘ಪಾಸ್’ ಆಗುವ ಸಂಭವ ಹೆಚ್ಚುತ್ತದೆ, ಮತ್ತು ಹಾಗೆ ಮನೆಗೆ ಹೋದ ಮಗುವನ್ನು ಎರಡು ವರ್ಷ ಕಳೆದರೂ ಮಾತು ಬರಲಿಲ್ಲವೆಂದು ಕರೆತರುವಾಗ ಭಾಷೆ ಕಲಿಯುವ ಅಮೂಲ್ಯ ಕಾಲ ಕೈಬಿಟ್ಟಿರುತ್ತದೆ. ಸರಿಯಾಗಿ ಒಮ್ಮೆ, ಅಗತ್ಯವಿದ್ದರೆ ಇನ್ನೊಮ್ಮೆ, ಅಲ್ಲಿಗೆ ಸಾಕು.

ನನ್ನ ಅನುಭವದಲ್ಲಿ ನಿಜವಾದ ಸೋರಿಕೆ ಇರುವುದು ಎರಡನೆಯ ಭೇಟಿಯಲ್ಲಿ. ನಮ್ಮಲ್ಲಿ ಬಾಣಂತಿ ತವರಿಗೆ ಹೋಗುತ್ತಾಳೆ, ದಾಖಲೆಯಲ್ಲಿ ಗಂಡನ ಮನೆಯ ವಿಳಾಸವಿರುತ್ತದೆ, ಆಶಾ ಕಾರ್ಯಕರ್ತೆ ಹುಡುಕಿಕೊಂಡು ಹೋದರೆ ಮನೆಗೆ ಬೀಗ. ತವರಿನ ಊರು, ಅಲ್ಲಿನ ಫೋನ್ ಸಂಖ್ಯೆ ಎರಡನ್ನೂ ತಾಯಿ ಕಾರ್ಡಿನಲ್ಲಿ ಬರೆಸಿ, ಒಂದೂವರೆ ತಿಂಗಳ ಲಸಿಕೆಯ ದಿನವೇ ಮರುತಪಾಸಣೆ ಇಡಿ. ಲಸಿಕೆಗೆ ಬರುವವರು ಇದಕ್ಕೂ ಬರುತ್ತಾರೆ. ಮೊದಲ ತಪಾಸಣೆ ಒಂದು ತಿಂಗಳೊಳಗೆ, ಖಚಿತ ರೋಗನಿರ್ಣಯ ಮೂರು ತಿಂಗಳೊಳಗೆ, ಶ್ರವಣ ಸಾಧನ ಮತ್ತು ತರಬೇತಿ ಆರು ತಿಂಗಳೊಳಗೆ ಎಂಬ ಅಂತರರಾಷ್ಟ್ರೀಯ ಗಡುವು ಕೈತಪ್ಪಬಾರದು. ಯಂತ್ರವಿಲ್ಲದ ಆಸ್ಪತ್ರೆಗಳಿಗೂ ದಾರಿಯಿದೆ: ಕೊಚ್ಚಿಯ ಮಕ್ಕಳ ವೈದ್ಯರು 2003ರಲ್ಲೇ ಒಂದು ಓಎಇ ಯಂತ್ರವನ್ನು ಆಸ್ಪತ್ರೆಯಿಂದ ಆಸ್ಪತ್ರೆಗೆ ಒಯ್ದು ತಪಾಸಣೆ ಮಾಡುವ ಪದ್ಧತಿಯನ್ನು ಆರಂಭಿಸಿದ್ದರು.

ಪ್ರಶ್ನೆ (ಒಬ್ಬ ತಂದೆ): ಮೇಡಂ, ನಮ್ಮ ಮಗು ತೀವ್ರ ಕಾಮಾಲೆಯಿಂದ ಹನ್ನೆರಡು ದಿನ ಎನ್‌ಐಸಿಯುನಲ್ಲಿ (ನವಜಾತ ಶಿಶುಗಳ ತೀವ್ರ ನಿಗಾ ಘಟಕದಲ್ಲಿ) ಇತ್ತು, ರಕ್ತವನ್ನೂ ಬದಲಿಸಬೇಕಾಯಿತು. ಓಎಇಯಲ್ಲಿ ‘ಪಾಸ್’ ಬಂದಿದೆ. ತಟ್ಟೆ ಬಡಿದರೆ ಬೆಚ್ಚುತ್ತದೆ, ಇನ್ನೇನೂ ಬೇಡ ಎನ್ನುತ್ತಾರೆ ನಮ್ಮ ತಾಯಿ. ಅಷ್ಟು ಸಾಕೇ?

ಉತ್ತರ: ಸಾಲದು ಸರ್. ಓಎಇ ಒಳಕಿವಿಯವರೆಗೆ ಮಾತ್ರ ನೋಡುತ್ತದೆ. ತೀವ್ರ ಕಾಮಾಲೆಯಿಂದ ಒಳಕಿವಿ ಸರಿಯಿದ್ದೂ ಶ್ರವಣ ನರಕ್ಕೆ ಹಾನಿಯಾಗಿರಬಹುದು. ಅಂತಹ ಮಗು ಓಎಇಯಲ್ಲಿ ‘ಪಾಸ್’ ಆಗಿಬಿಡುತ್ತದೆ. ಆದ್ದರಿಂದಲೇ ಐದು ದಿನಕ್ಕಿಂತ ಹೆಚ್ಚು ಎನ್‌ಐಸಿಯುನಲ್ಲಿದ್ದ ಮಕ್ಕಳಿಗೆ ಬೇರಾ ವಿಧಾನದಲ್ಲೇ ತಪಾಸಣೆಯಾಗಬೇಕು. ತಲೆಯ ಚರ್ಮಕ್ಕೆ ಎಲೆಕ್ಟ್ರೋಡ್ ಅಂಟಿಸಿ, ಶಬ್ದವು ನರದ ಮೂಲಕ ಮಿದುಳಿನ ಕಾಂಡಕ್ಕೆ ತಲುಪುತ್ತಿದೆಯೇ ಎಂದು ನೋಡುವ ಪರೀಕ್ಷೆ ಇದು. ಮಗು ಮಲಗಿದ್ದಾಗಲೇ ನಡೆಯುತ್ತದೆ, ನೋವಿಲ್ಲ.

ತಾಯಿಯವರ ಕಾಳಜಿ ದೊಡ್ಡದು, ಆದರೆ ತಟ್ಟೆಯ ಸದ್ದು ಬಹಳ ಜೋರು. ಅರ್ಧಂಬರ್ಧ ಕೇಳುವ ಮಗುವೂ ಅದಕ್ಕೆ ಬೆಚ್ಚುತ್ತದೆ. ಮಾತು ಕಲಿಯಲು ಪಿಸುದನಿಯೂ ಕೇಳಬೇಕು. ಮೈಸೂರಿನ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಯಲ್ಲಾಗಲಿ ನಿಮಗೆ ಹತ್ತಿರದ ವೈದ್ಯಕೀಯ ಕಾಲೇಜು ಆಸ್ಪತ್ರೆಯಲ್ಲಾಗಲಿ ಬೇರಾ ಮಾಡಿಸಿ. ಅದರಲ್ಲಿ ‘ಪಾಸ್’ ಬಂದರೂ ಒಂಬತ್ತು ತಿಂಗಳೊಳಗೆ ಇನ್ನೊಮ್ಮೆ ಪೂರ್ಣ ಪರೀಕ್ಷೆ ಮಾಡಿಸಬೇಕು.

ಪ್ರಶ್ನೆ (ಶುಶ್ರೂಷಾಧಿಕಾರಿ): ಧನ್ಯವಾದಗಳು ಮೇಡಂ. ಒಂದು ಕಿವಿಗೆ ಮಾತ್ರ ‘ರೆಫರ್’ ಬಂದಿದ್ದರೆ, ಮುಂದಿನ ಸಲ ಆ ಕಿವಿಯೊಂದನ್ನೇ ನೋಡಿದರೆ ಸಾಕೇ?

ಉತ್ತರ: ಎರಡೂ ಕಿವಿಗಳನ್ನು ನೋಡಿ. ಹಾಗೆಯೇ ಬೇರಾ ತಪಾಸಣೆಯಲ್ಲಿ ‘ರೆಫರ್’ ಆದ ಮಗುವನ್ನು ಓಎಇಯಿಂದ ಮರುಪರೀಕ್ಷಿಸಿ ‘ಪಾಸ್’ ಎಂದು ಬರೆಯಬಾರದು. ನರದ ದೋಷ ಕಣ್ತಪ್ಪಿಹೋಗುವುದು ಅಲ್ಲಿಯೇ.